ಬಿಶಾನ್–ಆಂಗ್ ಮೋ ಕಿಯೋ ಉದ್ಯಾನ: ಪ್ರಶಸ್ತಿ ಬಂದು ವರ್ಷಗಳಾದ ಮೇಲೆ

ಭೂದೃಶ್ಯ ವಿನ್ಯಾಸಕ್ಕೆ ಕೊಡುವ ಪ್ರಶಸ್ತಿಗಳಲ್ಲಿ ಒಂದು ತೊಡಕಿದೆ. ಕಟ್ಟಡವೊಂದು ಗೃಹಪ್ರವೇಶದ ದಿನವೇ ಬಹುಮಟ್ಟಿಗೆ ಪೂರ್ಣಗೊಂಡಿರುತ್ತದೆ. ಆದರೆ ಮಣ್ಣು, ನೀರು, ಗಿಡಗಳಿಂದ ಮಾಡಿದ ಕೆಲಸ ಅಂದು ಇನ್ನೂ ಬೇರು ಬಿಡುತ್ತಿರುತ್ತದೆ. ಸಿಂಗಪುರದ ಬಿಶಾನ್–ಆಂಗ್ ಮೋ ಕಿಯೋ ಉದ್ಯಾನವು ಹೊಸ ರೂಪದಲ್ಲಿ ತೆರೆದದ್ದು 2012ರಲ್ಲಿ. ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಅತ್ಯುತ್ತಮ ಭೂದೃಶ್ಯ ಯೋಜನೆ ಎಂಬ ಪ್ರಶಸ್ತಿ ಅದಕ್ಕೆ ಸಂದದ್ದೂ ಅದೇ ವರ್ಷ. ಅಮೆರಿಕದ ಭೂದೃಶ್ಯ ವಿನ್ಯಾಸಕಾರರ ಸಂಘ 2016ರಲ್ಲಿ ಅದನ್ನು ಗೌರವಿಸಿತು. ಆ ತೀರ್ಪುಗಳು ಇಂದಿಗೂ ನಿಲ್ಲುತ್ತವೆಯೇ ಎಂದು ತಿಳಿಯಬೇಕಾದರೆ ಅಲ್ಲಿ ನಡೆದೇ ನೋಡಬೇಕು.

ಊರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಒಂದು ಸಂಜೆ ಅಲ್ಲಿಗೆ ಹೋಗಿದ್ದೆ. ಮಲೆನಾಡಿನ ಹೊಳೆಯ ಪಕ್ಕದಲ್ಲೇ ಬೆಳೆದ ಅವರು ದಡದಲ್ಲಿ ಸ್ವಲ್ಪ ಹೊತ್ತು ನಿಂತು, "ಇಷ್ಟು ದೊಡ್ಡ ಊರಿನೊಳಗೆ ಈ ಹೊಳೆಯೊಂದನ್ನು ಯಾರೂ ಮುಟ್ಟದೆ ಹೇಗೆ ಬಿಟ್ಟರೋ!" ಎಂದರು. ಅಲ್ಲಿ ಮೊದಲು ಇದ್ದದ್ದು 2.7 ಕಿಲೋಮೀಟರ್ ಉದ್ದದ ನೆಟ್ಟನೆಯ ಕಾಂಕ್ರೀಟ್ ಕಾಲುವೆ ಎಂದು ನಾನು ಹೇಳಿದಾಗ ಅವರು ನಂಬಲಿಲ್ಲ. ಯಾವ ತೀರ್ಪುಗಾರರ ಮಾತಿಗಿಂತಲೂ ಆ ಅಪನಂಬಿಕೆಯೇ ನನಗೆ ದೊಡ್ಡ ಪ್ರಮಾಣಪತ್ರವಾಗಿ ಕಂಡಿತು.

ಕಲ್ಲಾಂಗ್ ನದಿಯ ಆ ಕಾಲುವೆಯನ್ನು ಒಡೆದು, ಸುಮಾರು 3 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಅಂಕುಡೊಂಕಾಗಿ ಹರಿಯುವ ಹೊಳೆಯನ್ನು ಉದ್ಯಾನದೊಳಗೇ ರೂಪಿಸಿದವರು ಹರ್ಬರ್ಟ್ ಡ್ರೈಸೈಟ್ಲ್ ಸ್ಥಾಪಿಸಿದ ಸಂಸ್ಥೆಯ ವಿನ್ಯಾಸಕಾರರು. ಅವರೊಂದಿಗೆ ಕೈಜೋಡಿಸಿದ್ದು ಸಿಂಗಪುರದ ಜಲ ಮಂಡಳಿ ಮತ್ತು ಉದ್ಯಾನ ಮಂಡಳಿ. ದಡ ಕುಸಿಯದಂತೆ ಗೋಡೆ ಕಟ್ಟುವ ಬದಲು ಕೊಂಬೆಗಳ ಕಟ್ಟು, ತಂತಿಬಲೆಯಲ್ಲಿ ತುಂಬಿದ ಕಲ್ಲು ಮತ್ತು ಬೇರೂರುವ ಸಸ್ಯಗಳನ್ನು ಬಳಸಿದರು. ಉಷ್ಣವಲಯದ ಮಳೆಗೆ ಈ ವಿಧಾನಗಳು ತಡೆಯುತ್ತವೆಯೇ ಎಂಬ ಅನುಮಾನವಿದ್ದುದರಿಂದ, ಮೊದಲು ಸಣ್ಣದೊಂದು ಕಾಲುವೆಯ ಬದಿಯಲ್ಲಿ ಹಲವು ವಿಧಾನಗಳನ್ನು ಪರೀಕ್ಷಿಸಿ ನೋಡಿದ ನಂತರವೇ ನದಿಗೆ ಕೈ ಹಚ್ಚಿದರು. ಈ ಎಚ್ಚರಿಕೆ ನನಗೆ ಬಹಳ ಹಿಡಿಸಿದ ಸಂಗತಿ. ಒಡೆದ ಕಾಂಕ್ರೀಟನ್ನೂ ಹೊರಗೆ ಸಾಗಿಸದೆ ಉದ್ಯಾನದಲ್ಲೇ ಒಂದು ದಿಬ್ಬವನ್ನಾಗಿ ಮಾಡಿದ್ದಾರೆ. ಅದರ ಮೇಲೆ ಹತ್ತಿದರೆ ಹೊಳೆಯ ತಿರುವುಗಳು ಚೆನ್ನಾಗಿ ಕಾಣುತ್ತವೆ.

ಉದ್ಯಾನದ ನಿಜವಾದ ಜಾಣ್ಮೆ ಕಾಣುವುದು ಮಳೆ ಬಂದಾಗ. ಮಳೆಯಿಲ್ಲದ ಸಂಜೆ ಮಕ್ಕಳು ನೀರಿನಲ್ಲಿ ಹೆಜ್ಜೆಗಲ್ಲುಗಳ ಮೇಲೆ ದಾಟುವ ಜಾಗದಲ್ಲಿ ಹೊಳೆ ಸಣ್ಣದಾಗಿರುತ್ತದೆ, ಜೋರು ಮಳೆಗೆ ಅದೇ ನೀರು ಇಕ್ಕೆಲದ ಇಳಿಜಾರು ಹುಲ್ಲುಹಾಸನ್ನೆಲ್ಲ ಆವರಿಸಿ ಸುಮಾರು 100 ಮೀಟರ್ ಅಗಲಕ್ಕೆ ಹರಡಿಕೊಳ್ಳಬಲ್ಲದು. ನೆರೆಗೆ ಮೀಸಲಾದ ಜಾಗವೇ ಉಳಿದ ದಿನಗಳಲ್ಲಿ ಜನರ ಅಂಗಳ. ನೀರಿನ ಮಟ್ಟವನ್ನು ಅಳೆಯುವ ಉಪಕರಣಗಳು, ಸೈರನ್, ಮಿನುಗುವ ದೀಪಗಳು ಜನರನ್ನು ಮೇಲಕ್ಕೆ ಕಳಿಸುತ್ತವೆ. ದಡ ನಿಧಾನವಾಗಿ ಏರುವುದರಿಂದ ಮೇಲೆ ಹತ್ತುವುದಕ್ಕೆ ವಯಸ್ಸಾದವರೂ ಕಷ್ಟಪಡಬೇಕಿಲ್ಲ.

ಬೆಂಗಳೂರಿನ ರಾಜಕಾಲುವೆಗಳನ್ನು ಬಲ್ಲವರಿಗೆ ಇಲ್ಲಿ ಮನಸ್ಸು ಭಾರವಾಗುವುದು ಸಹಜ. ಆದರೆ ಈ ದಡವನ್ನು ಮಾತ್ರ ನಕಲು ಮಾಡಿದರೆ ಏನೂ ಸಾಧಿಸಿದಂತಾಗುವುದಿಲ್ಲ. ಸಿಂಗಪುರದಲ್ಲಿ ಒಳಚರಂಡಿಯ ಜಾಲವೇ ಬೇರೆ, ಮಳೆನೀರಿನ ಜಾಲವೇ ಬೇರೆ. ಆ ಕೆಲಸ ಮೊದಲೇ ಆಗಿದ್ದರಿಂದಲೇ ಮಗುವೊಂದು ಇಲ್ಲಿ ನೀರಿಗೆ ಕಾಲಿಡಲು ಸಾಧ್ಯವಾಗಿದೆ.

ಮೇರಿಮೌಂಟ್ ರಸ್ತೆ ಉದ್ಯಾನವನ್ನು ಎರಡು ಭಾಗ ಮಾಡುತ್ತದೆ. ಒಂದು ಕಡೆ ಕೊಳಗಳ ತೋಟ, ಇನ್ನೊಂದು ಕಡೆ ಹೊಳೆಯ ಬಯಲು. ಸಮಯ ಕಡಿಮೆಯಿದ್ದರೆ ಬಯಲನ್ನು ಆರಿಸಿಕೊಳ್ಳಿ. ಬಯಲು ತೆರೆದಿರುವುದರಿಂದ ನಡುಹಗಲು ಅಲ್ಲಿ ಬಿಸಿಲು ಜೋರು, ಬೆಳಿಗ್ಗೆ ಬೇಗ ಅಥವಾ ಸಂಜೆ ಐದರ ನಂತರ ಹೋಗುವುದು ಒಳ್ಳೆಯದು. ಅದೃಷ್ಟವಿದ್ದರೆ ನೀರುನಾಯಿಗಳ ಕುಟುಂಬವನ್ನು ನೋಡಬಹುದು. ಪ್ರವೇಶ ಶುಲ್ಕವಿಲ್ಲ. ಮಕ್ಕಳನ್ನು ಕರೆದೊಯ್ಯುವವರು ನೀರಿಗಿಳಿಯುವ ಮೊದಲು ಮೇಲಣ ಆಕಾಶವನ್ನೂ ದಡದ ಎಚ್ಚರಿಕೆ ಫಲಕಗಳನ್ನೂ ಒಮ್ಮೆ ನೋಡಿಕೊಳ್ಳಬೇಕು.