ಕಿತ್ತಳೆ, ಸೇಬು, ಮಾವು: ಒಂದು ಲೀಟರ್ ಪ್ಯಾಕ್‌ನ ರುಚಿಯೂ ಅದರ ಹಿಂದಿನ ಸುಂಕವೂ

ಬೆಂಗಳೂರಿನ ಯಾವ ಸೂಪರ್ ಮಾರ್ಕೆಟ್‌ಗೆ ಹೋದರೂ ಹಣ್ಣಿನ ರಸದ ಸಾಲಿನಲ್ಲಿ ಮೂರು ಬಗೆಯ ಒಂದು ಲೀಟರ್ ಪ್ಯಾಕ್‌ಗಳು ಸಿಕ್ಕೇ ಸಿಗುತ್ತವೆ: ಸಕ್ಕರೆ ಸೇರಿಸದ ಕಿತ್ತಳೆ ರಸ, ಸೇಬಿನ ರಸ ಮತ್ತು ಮಾವಿನ ಪಾನೀಯ. ಮನೆಗೆ ತಂದು ಕುಡಿದು ನೋಡಿದ ಈ ಮೂರರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಬ್ರ್ಯಾಂಡ್‌ಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಪ್ಯಾಕ್‌ಗಳ ಒಳಗೆ ಏನಿರುತ್ತದೆ, ಅದು ಎಲ್ಲಿಂದ ಬರುತ್ತದೆ, ಎಷ್ಟಕ್ಕೆ ಮಾರಾಟವಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವ ಆಮದು ಸುಂಕ, ಜಿಎಸ್‌ಟಿ ಮತ್ತು ಗಡಿ ನಿಯಮಗಳು ಎಲ್ಲ ಕಂಪನಿಗಳಿಗೂ ಒಂದೇ ಆಗಿರುವುದರಿಂದ, ಅವುಗಳನ್ನು ಬಿಟ್ಟು ರುಚಿಯನ್ನಷ್ಟೇ ತೂಗಿದರೆ ವಿಮರ್ಶೆ ಅರ್ಧಕ್ಕೇ ನಿಂತುಬಿಡುತ್ತದೆ.

ಮೊದಲು ಕಿತ್ತಳೆ. ತಣ್ಣಗಿರುವಾಗ ಗಾಜಿನ ಲೋಟಕ್ಕೆ ಸುರಿದರೆ ಬಣ್ಣ ಗಾಢವಾದ ಹಳದಿ. ಮೂಗಿಗೆ ಮೊದಲು ತಾಕುವುದು ಸಿಪ್ಪೆಯ ಎಣ್ಣೆಯ ಘಮ, ಅದರ ಬೆನ್ನಿಗೇ ಸ್ವಲ್ಪ ಕಾಯಿಸಿದ ಹಣ್ಣಿನ ವಾಸನೆ. ಸಿಹಿ ಮತ್ತು ಹುಳಿ ಹದವಾಗಿ ಹೊಂದಿಕೊಂಡಿವೆ, ಗಂಟಲಲ್ಲಿ ಕಹಿ ಉಳಿಯುವುದಿಲ್ಲ. ಆದರೆ ಹಿಂಡಿದ ಕೂಡಲೇ ಕುಡಿಯುವ ಮೋಸಂಬಿ ರಸದಲ್ಲಿರುವ ಚುರುಕು ಇದರಲ್ಲಿಲ್ಲ. ಅದಕ್ಕೆ ಕಾರಣ ಪ್ಯಾಕ್‌ನ ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿದೆ: ನೀರು ಮತ್ತು ಕಿತ್ತಳೆಯ ಸಾಂದ್ರ ರಸ. ಅಂದರೆ ಎಲ್ಲೋ ಹಿಂಡಿದ ರಸವನ್ನು ನಿರ್ವಾತದಲ್ಲಿ ಬಿಸಿ ಮಾಡಿ, ನೀರನ್ನು ಆವಿಯಾಗಿಸಿ, ಸುಮಾರು 66 ಬ್ರಿಕ್ಸ್‌ನಷ್ಟು, ಎಂದರೆ ಮೂರನೇ ಎರಡು ಪಾಲು ಕರಗಿದ ಘನಾಂಶ ಇರುವಷ್ಟು ಮಂದವಾಗಿಸಿ, ಹೆಪ್ಪುಗಟ್ಟುವ ಚಳಿಯಲ್ಲಿ ಸಾಗಿಸಿ, ಇಲ್ಲಿಗೆ ಬಂದ ಮೇಲೆ ಮತ್ತೆ ನೀರು ಸೇರಿಸಿ ತುಂಬಿದ್ದು. ಬಿಸಿಯಾಗುವಾಗ ಹಾರಿಹೋಗುವ ಸುವಾಸನೆಯನ್ನು ಪ್ರತ್ಯೇಕವಾಗಿ ಹಿಡಿದಿಟ್ಟು ಕೊನೆಯಲ್ಲಿ ಮರಳಿ ಬೆರೆಸುವುದೂ ಉಂಟು. ಈ ವಿಧಾನ 1940ರ ದಶಕದಲ್ಲಿ ಫ್ಲಾರಿಡಾದಲ್ಲಿ ರೂಪುಗೊಂಡಿತು. ಮೋಸವೇನೂ ಇದರಲ್ಲಿಲ್ಲ, ಆದರೆ ತಾಜಾ ರಸವೆಂದುಕೊಂಡು ಕೊಳ್ಳುವವರು ಇದನ್ನು ತಿಳಿದಿರಬೇಕು. ಸಾಂದ್ರ ರಸದಿಂದ ಮರುತಯಾರಿಸಿದ ಪ್ಯಾಕ್‌ಗಳ ಮೇಲಿನ ‘ಶೇ 100 ಹಣ್ಣಿನ ರಸ’ ಎಂಬ ಘೋಷಣೆಯನ್ನು ತೆಗೆಯುವಂತೆ ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಜೂನ್‌ನಲ್ಲಿ ಸೂಚಿಸಿದ್ದು ಸರಿಯಾದ ಕ್ರಮವೇ.

ಕೊಡಗಿನ ಕಿತ್ತಳೆ, ನಾಗಪುರದ ಸಂತ್ರಾ ನಮ್ಮಲ್ಲೇ ಇರುವಾಗ ರಸವನ್ನು ಹೊರಗಿನಿಂದ ಏಕೆ ತರಿಸಬೇಕು ಎಂದು ಯಾರಿಗಾದರೂ ಅನಿಸೀತು. ಇವೆರಡೂ ಸಿಪ್ಪೆ ಸಡಿಲವಾಗಿರುವ ಮ್ಯಾಂಡರಿನ್ ಜಾತಿಯ ಹಣ್ಣುಗಳು. ಸುಲಿದು ತಿನ್ನುವುದಕ್ಕೆ ಇವಕ್ಕೆ ಸಾಟಿಯಿಲ್ಲ. ಆದರೆ ನಾಗಪುರದ ಹಣ್ಣಿನ ರಸವನ್ನು ತೆಗೆದು ಸಂಸ್ಕರಿಸಿದರೆ ಲಿಮೋನಿನ್ ಎಂಬ ಅಂಶದಿಂದಾಗಿ ಕೆಲ ಹೊತ್ತಿನ ನಂತರ ಕಹಿ ಏರುತ್ತದೆ. ಕಾರ್ಖಾನೆಗೆ ಒಗ್ಗುವುದು ಪೇರಾ, ವೆಲೆನ್ಸಿಯಾದಂಥ ಬಿಗಿ ಸಿಪ್ಪೆಯ ಸಿಹಿ ಕಿತ್ತಳೆ. ಅದನ್ನು ಭಾರಿ ಪ್ರಮಾಣದಲ್ಲಿ ರಸಕ್ಕೆಂದೇ ಬೆಳೆಯುವುದು ಬ್ರೆಜಿಲ್‌ನ ಸಾವೊ ಪಾಲೊ ಮತ್ತು ಮಿನಾಸ್ ಜೆರೈಸ್ ಪ್ರಾಂತ್ಯಗಳ ತೋಟಗಳಲ್ಲಿ. ಜಗತ್ತಿನಲ್ಲಿ ರಫ್ತಾಗುವ ಕಿತ್ತಳೆ ರಸದ ಸುಮಾರು ಮುಕ್ಕಾಲು ಪಾಲು ಬ್ರೆಜಿಲ್‌ನದೇ. ಕುಟ್ರಾಲೆ, ಸಿಟ್ರೊಸುಕೊ, ಲೂಯಿ ಡ್ರೇಫಸ್ ಎಂಬ ಮೂರು ಕಂಪನಿಗಳು ಸಾಂಟೋಸ್ ಬಂದರಿನಿಂದ ರಸವನ್ನು ಪೀಪಾಯಿಗಳಲ್ಲಷ್ಟೇ ಅಲ್ಲ, ಶೀತಲ ಟ್ಯಾಂಕ್‌ಗಳಿರುವ ಹಡಗುಗಳಲ್ಲೇ ತುಂಬಿ ಯುರೋಪಿಗೂ ಅಮೆರಿಕಕ್ಕೂ ಕಳುಹಿಸುತ್ತವೆ.

ಬ್ರೆಜಿಲ್ ಈ ಸ್ಥಾನಕ್ಕೆ ಬಂದ ಬಗೆಯಲ್ಲಿ ಹವಾಮಾನಕ್ಕೂ ಸುಂಕಕ್ಕೂ ಪಾಲಿದೆ. 1962ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ತೋಟಗಳು ಹಿಮಗಾಳಿಗೆ ಸುಟ್ಟುಹೋದಾಗ ಉಂಟಾದ ಕೊರತೆಯಿಂದ ಬ್ರೆಜಿಲ್‌ನ ರಸದ ಉದ್ಯಮಕ್ಕೆ ಬಲ ಬಂದಿತು. ತನ್ನ ಬೆಳೆಗಾರರನ್ನು ಕಾಯಲು ಅಮೆರಿಕ ಹಾಕಿದ ಸುಂಕ ಶೇಕಡಾವಾರು ಸುಂಕವಲ್ಲ, ನೀರು ಬೆರೆಸಿದ ಅಳತೆಯಲ್ಲಿ ಲೀಟರಿಗೆ 7.85 ಸೆಂಟ್ ಎಂಬ ನಿಗದಿತ ಮೊತ್ತ. ಹೆಪ್ಪುಗಟ್ಟಿಸಿದ ಸಾಂದ್ರ ರಸದ ಲೆಕ್ಕದಲ್ಲಿ ಟನ್ನಿಗೆ ಸುಮಾರು 415 ಡಾಲರ್. ಈ ಒಂದು ವಿವರದ ಪರಿಣಾಮವನ್ನು ಲೆಕ್ಕ ಹಾಕಿ ನೋಡಬೇಕು. ಸಾಂದ್ರ ರಸದ ಬೆಲೆ ಪೌಂಡ್ ಘನಾಂಶಕ್ಕೆ 1 ಡಾಲರ್ ಇದ್ದರೆ ಈ ಸುಂಕ ಬೆಲೆಯ ಶೇ 28ರಷ್ಟಾಗುತ್ತದೆ, ಬ್ರೆಜಿಲ್‌ನ ರಸಕ್ಕೆ ಅದು ನಿಜವಾದ ಗೋಡೆ. 2024ರ ಕೊನೆಯಲ್ಲಿ ನ್ಯೂಯಾರ್ಕ್‌ನ ವಾಯಿದಾ ಪೇಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಕುದುರುವ ಪೇಟೆಯಲ್ಲಿ) ಬೆಲೆ 5 ಡಾಲರ್ ದಾಟಿದಾಗ ಅದೇ ಸುಂಕ ಶೇ 6ಕ್ಕಿಂತ ಕೆಳಗಿಳಿದು ಹೆಸರಿಗಷ್ಟೇ ಉಳಿಯಿತು. ಯುರೋಪಿಯನ್ ಒಕ್ಕೂಟವಾದರೋ ಬ್ರೆಜಿಲ್‌ನ ಸಾಂದ್ರ ರಸಕ್ಕೆ ಮೌಲ್ಯದ ಮೇಲೆ ಶೇ 12.2 ವಿಧಿಸುತ್ತ ಬಂದಿರುವುದರಿಂದ, ಬ್ರೆಜಿಲ್‌ನಲ್ಲಿ ಹಣ್ಣಿಗೆ ಬರ ಬಂದು ಬೆಲೆ ಏರಿದ ವರ್ಷವೇ ಯುರೋಪಿನಲ್ಲಿ ಕುಡಿಯುವವನ ಮೇಲೆ ಸುಂಕದ ಭಾರವೂ ಏರುತ್ತದೆ. ಎರಡೂ ಸುಂಕಗಳೇ, ಆದರೆ ಒಂದು ಅಗ್ಗದ ಕಾಲದಲ್ಲಿ ಕಚ್ಚುತ್ತದೆ, ಇನ್ನೊಂದು ತುಟ್ಟಿಯ ಕಾಲದಲ್ಲಿ.

ಗೋಡೆ ಕಟ್ಟಿದರೂ ಬೆಳೆಗಾರ ಉಳಿದನೇ? 1997–98ರಲ್ಲಿ ಫ್ಲಾರಿಡಾ 90 ಪೌಂಡ್ ತೂಕದ 24.4 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2024–25ರಲ್ಲಿ ಅದು ಸುಮಾರು 1.2 ಕೋಟಿಗೆ ಕುಸಿಯಿತು. ಸಿಟ್ರಸ್ ಗ್ರೀನಿಂಗ್ ಎಂಬ ಬ್ಯಾಕ್ಟೀರಿಯಾ ರೋಗವು 2005ರಲ್ಲಿ ಅಲ್ಲಿ ಕಾಣಿಸಿಕೊಂಡು, ಸಣ್ಣ ಕೀಟವೊಂದರ ಮೂಲಕ ಹರಡಿ ತೋಟಗಳನ್ನೇ ನುಂಗಿತು; ಚಂಡಮಾರುತಗಳೂ ವಸತಿ ಬಡಾವಣೆಗಳೂ ಉಳಿದುದನ್ನು ಕಿತ್ತುಕೊಂಡವು. ಇತ್ತ ಬ್ರೆಜಿಲ್‌ನ ಕುಟ್ರಾಲೆ 1996ರಲ್ಲೇ ಫ್ಲಾರಿಡಾದ ಕಾರ್ಖಾನೆಗಳನ್ನು ಕೊಂಡು ಗೋಡೆಯ ಒಳಗಡೆಯೇ ಬಂದು ಕುಳಿತಿತ್ತು. ಬ್ರೆಜಿಲ್‌ನ ಕಂಪನಿಗಳು ತನ್ನ ಪೇಟೆಗೆ ಕಡಿಮೆ ಬೆಲೆಗೆ ರಸ ಸುರಿಯುತ್ತಿವೆ ಎಂದು ಅಮೆರಿಕ 2006ರಿಂದ ಹೇರಿದ ಹೆಚ್ಚುವರಿ ಸುಂಕದ ಲೆಕ್ಕಾಚಾರದ ಕ್ರಮವನ್ನು ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿ 2011ರಲ್ಲಿ ಗೆದ್ದಿತು. 2025ರಲ್ಲಿ ಅಮೆರಿಕ ಬ್ರೆಜಿಲ್‌ನ ಸರಕುಗಳ ಮೇಲೆ ಶೇ 10 ಸಾಲದೆಂದು ಇನ್ನೂ ಶೇ 40 ಸುಂಕ ಹೇರಿದಾಗ ಕಿತ್ತಳೆ ರಸವನ್ನು ಆ ಶೇ 40ರಿಂದ ಹೊರಗಿಟ್ಟಿತು, ನವೆಂಬರ್‌ನಲ್ಲಿ ಶೇ 10ರಿಂದಲೂ ಬಿಟ್ಟಿತು. ಕಾಯಬೇಕಾದ ತೋಟವೇ ಇಲ್ಲದಾದ ಮೇಲೆ ಸುಂಕದ ಹೊರೆ ನೇರವಾಗಿ ತನ್ನ ಜನರ ಬೆಳಗಿನ ಲೋಟದ ಮೇಲೆ ಬೀಳುತ್ತದೆ ಎಂಬುದು ವಾಷಿಂಗ್ಟನ್‌ಗೂ ಗೊತ್ತಾಗಿರಬೇಕು.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. 2018ರ ಬಜೆಟ್‌ನಲ್ಲಿ ಕಿತ್ತಳೆ ರಸದ ಆಮದು ಸುಂಕ ಶೇ 30ರಿಂದ 35ಕ್ಕೂ, ಇತರ ಹಣ್ಣಿನ ರಸಗಳ ಸುಂಕ ಶೇ 30ರಿಂದ 50ಕ್ಕೂ, ಕ್ರ್ಯಾನ್‌ಬೆರಿ ರಸದ ಸುಂಕ ಶೇ 10ರಿಂದ ಒಮ್ಮೆಗೇ 50ಕ್ಕೂ ಏರಿದವು. ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಮೇಲ್ತೆರಿಗೆಯೂ ಅದೇ ಬಜೆಟ್‌ನಲ್ಲಿ ಬಂದುದರಿಂದ ಕಿತ್ತಳೆ ರಸಕ್ಕೆ ಒಟ್ಟು ಶೇ 38.5, ಸೇಬಿನ ರಸಕ್ಕೆ ಶೇ 55 ಆಯಿತು. ಕ್ರ್ಯಾನ್‌ಬೆರಿಯನ್ನು ನಮ್ಮಲ್ಲಿ ವಾಣಿಜ್ಯ ಬೆಳೆಯಾಗಿ ಬೆಳೆಯುವವರಿಲ್ಲ. ಆ ಏರಿಕೆ ಯಾವ ರೈತನನ್ನು ಕಾಯಲು ಬಂದದ್ದು ಎಂದು ನಾನು ಬಹಳ ಯೋಚಿಸಿದರೂ ಉತ್ತರ ಸಿಕ್ಕಿಲ್ಲ. ಕಿತ್ತಳೆಯದೂ ಹೆಚ್ಚುಕಡಿಮೆ ಇದೇ ಕಥೆ. ವಿದರ್ಭದ ಸಂತ್ರಾ ಬೆಳೆಗಾರನಿಗೆ ನಿಜವಾದ ಪೆಟ್ಟು ಬಿದ್ದದ್ದು ಬ್ರೆಜಿಲ್‌ನ ಸಾಂದ್ರ ರಸದಿಂದಲ್ಲ, ಅವನ ದೊಡ್ಡ ಗಿರಾಕಿಯಾಗಿದ್ದ ಬಾಂಗ್ಲಾದೇಶ ತಾಜಾ ಹಣ್ಣಿನ ಮೇಲಿನ ಆಮದು ಸುಂಕವನ್ನು ವರ್ಷ ವರ್ಷ ಏರಿಸುತ್ತ ಹೋದದ್ದರಿಂದ.

ಸೇಬಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಜಗತ್ತಿಗೆ ಅಗ್ಗದ ಸೇಬಿನ ಸಾಂದ್ರ ರಸವನ್ನು ಸರಬರಾಜು ಮಾಡುವ ದೊಡ್ಡ ದೇಶ ಚೀನಾ; ಅದರ ಬೆಲೆಗೆ ಹೆದರಿ 2000ದಲ್ಲೇ ಅಮೆರಿಕ ಪ್ರತಿಬಂಧಕ ಸುಂಕ ಹಾಕಿತ್ತು. ನಮ್ಮಲ್ಲಿ ಹಿಮಾಚಲದ ಸರ್ಕಾರಿ ಸಂಸ್ಥೆ ಎಚ್‌ಪಿಎಂಸಿ ಆಲಿಕಲ್ಲು ಬಿದ್ದು ಗಾಯವಾದ, ಮಂಡಿಯಲ್ಲಿ ಯಾರೂ ಕೇಳದ ಸೇಬುಗಳನ್ನು ಬೆಳೆಗಾರರಿಂದ ಕೊಂಡು ಪರ್ವಾಣೂ ಮೊದಲಾದ ಕಡೆ ಸಾಂದ್ರ ರಸ ಮಾಡುತ್ತದೆ. ಅಲ್ಲಿ ಸುಂಕಕ್ಕೆ ಕಾಯಲು ಒಬ್ಬ ಬೆಳೆಗಾರನಿದ್ದಾನೆ. ನಾನು ಕೊಂಡ ಸೇಬಿನ ರಸ ತಿಳಿಯಾಗಿ, ಜೇನಿನ ಬಣ್ಣಕ್ಕಿತ್ತು. ಸಿಹಿ ಮುಂದೆ, ಹುಳಿ ಹಿಂದೆ, ನಾಲಿಗೆಯ ಅಂಚಿನಲ್ಲಿ ಸ್ವಲ್ಪ ಒಗರು. ಮಕ್ಕಳಿಗೆ ಇಷ್ಟವಾಗುತ್ತದೆ. ಅರ್ಧ ನೀರು ಬೆರೆಸಿ ಕೊಟ್ಟರೂ ರುಚಿ ಕೆಡಲಿಲ್ಲ, ಹಾಗೆಯೇ ಕೊಡುವುದು ಒಳ್ಳೆಯದು ಕೂಡ.

ಕಿತ್ತಳೆ ಮತ್ತು ಸೇಬಿನ ಪ್ಯಾಕ್‌ಗಳ ಬಗ್ಗೆ ನನ್ನ ಗಟ್ಟಿಯಾದ ಆಕ್ಷೇಪ ಒಂದೇ: ಸಾಂದ್ರ ರಸ ಯಾವ ದೇಶದ್ದು ಅಥವಾ ಯಾವ ರಾಜ್ಯದ್ದು ಎಂಬ ಮಾಹಿತಿ ಎಲ್ಲೂ ಇಲ್ಲ. ತುಂಬಿದ ಕಾರ್ಖಾನೆಯ ವಿಳಾಸ ಇದೆ, ಪರವಾನಗಿ ಸಂಖ್ಯೆ ಇದೆ, ಪ್ಯಾಕ್‌ನ ಮುಂಬದಿಯಲ್ಲಿ ಎಲೆಯ ಸಮೇತ ಹಸಿ ಹಣ್ಣಿನ ಚಿತ್ರವಿದೆ. ಸುಂಕದ ಹೆಸರಿನಲ್ಲಿ ಹೆಚ್ಚು ಬೆಲೆ ತೆರುವ ಗ್ರಾಹಕನಿಗೆ, ತಾನು ಕೊಂಡದ್ದು ಹಿಮಾಚಲದ ಸೇಬೋ ಹೊರದೇಶದ್ದೋ ಎಂದು ತಿಳಿಯುವ ಹಕ್ಕಿರಬೇಕು. ಒಂದೇ ಸಾಲಿನ ಮಾತು. ಮುದ್ರಿಸಲು ಖರ್ಚೂ ಇಲ್ಲ.

ಬೆಲೆಯ ಮಾತು ಬೇಗ ಮುಗಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ರಸದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ; ತೆರಿಗೆ ಸೇರಿ 112 ರೂಪಾಯಿ ಇದ್ದ ಪ್ಯಾಕ್ 105ಕ್ಕೆ ಸಿಗಬೇಕು. ಆದರೆ ಇದೇ ಶೇ 5ರ ದರ, ಹಣ್ಣಿನ ತಿರುಳಿಗೆ ನೀರು ಸಕ್ಕರೆ ಬೆರೆಸಿದ ಪಾನೀಯಕ್ಕೂ ಅನ್ವಯಿಸುತ್ತದೆ. ಸಕ್ಕರೆ ಹಾಕದ ರಸವನ್ನೂ, ಶೇ 10ರಷ್ಟು ಹಣ್ಣಿನ ಅಂಶವಿದ್ದರೆ ಸಾಕೆಂಬ ನಿಯಮದಲ್ಲಿ ತಯಾರಾಗುವ ಸಿಹಿ ಪಾನೀಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನಗೆ ಸರಿ ಕಾಣುವುದಿಲ್ಲ.

ಹೀಗೆ ಮಾವಿನ ಪಾನೀಯಕ್ಕೆ ಬಂದೆವು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರಬೇಕೆಂಬುದು ನಿಯಮ. ನನ್ನ ಕೈಲಿದ್ದ ಪ್ಯಾಕ್‌ನಲ್ಲಿ ನೀರು ಮೊದಲು, ಸಕ್ಕರೆ ಎರಡನೆಯದು, ಮಾವಿನ ತಿರುಳು ಮೂರನೆಯದು. ಮೊದಲ ಗುಟುಕಿನಲ್ಲಿ ಮಾವಿನ ಘಮ ಚೆನ್ನಾಗಿಯೇ ಬರುತ್ತದೆ, ಅರ್ಧ ಲೋಟದ ಹೊತ್ತಿಗೆ ಸಕ್ಕರೆ ಮಾತ್ರ ಉಳಿಯುತ್ತದೆ. ಆದರೂ ಈ ಪ್ಯಾಕ್ ನಮಗೆ ಹತ್ತಿರದ್ದು. ಇಂಥ ಪಾನೀಯಗಳ ಬೆನ್ನೆಲುಬಾದ ತೋತಾಪುರಿಯನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತ ಎಕರೆಗಟ್ಟಲೆ ಬೆಳೆಯುತ್ತಾರೆ, ಮತ್ತು ಆ ಹಣ್ಣು ಹೋಗುವುದು ಗಡಿಯಾಚೆ ಆಂಧ್ರದ ಚಿತ್ತೂರಿನ ಪಲ್ಪ್, ಎಂದರೆ ತಿರುಳು ತೆಗೆಯುವ ಕಾರ್ಖಾನೆಗಳಿಗೆ.

2025ರ ಜೂನ್‌ನಲ್ಲಿ ಆ ದಾರಿಯೇ ಮುಚ್ಚಿತು. ಹಿಂದಿನ ವರ್ಷದ ಪಲ್ಪ್ ದಾಸ್ತಾನು ಮಾರಾಟವಾಗದೆ ಉಳಿದು, ಬೆಲೆ ಕುಸಿದಿದ್ದ ಹೊತ್ತಿನಲ್ಲಿ ಆಂಧ್ರ ಸರ್ಕಾರ ತನ್ನ ರೈತರಿಗೆ ಕಿಲೋಗೆ ಕಾರ್ಖಾನೆಯಿಂದ 8 ರೂಪಾಯಿ, ಸರ್ಕಾರದಿಂದ 4 ರೂಪಾಯಿ ಕೊಡಿಸುವ ಏರ್ಪಾಡು ಮಾಡಿತು. ಆ ನೆರವು ಹೊರಗಿನ ಹಣ್ಣಿಗೆ ಸೋರಬಾರದೆಂದು ಚಿತ್ತೂರು ಜಿಲ್ಲಾಡಳಿತ ಬೇರೆ ರಾಜ್ಯದ ತೋತಾಪುರಿಯನ್ನು ನಿಷೇಧಿಸಿ, ಚೆಕ್‌ಪೋಸ್ಟ್‌ಗಳಲ್ಲಿ ಕಂದಾಯ, ಪೊಲೀಸ್, ಅರಣ್ಯ, ಮಾರುಕಟ್ಟೆ ಇಲಾಖೆಗಳ ಸಿಬ್ಬಂದಿಯನ್ನು ನಿಲ್ಲಿಸಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು; ಮುಂದೆ ಕೇಂದ್ರವು ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕೆಂದು ಸಂವಿಧಾನದ 301ನೇ ವಿಧಿ ಹೇಳುತ್ತದೆ. ಆಂಧ್ರದ ರೈತನ ಸಂಕಟವೂ ಸುಳ್ಳಲ್ಲ. ಆದರೆ ಹಣ್ಣು ಕೊಯ್ದ ಮೇಲೆ ಕಾಯುವುದಿಲ್ಲ. ಪತ್ರ ವ್ಯವಹಾರ ನಡೆಯುವ ವಾರಗಳಲ್ಲೇ ಅದು ಕೊಳೆಯುತ್ತದೆ. ಶ್ರೀನಿವಾಸಪುರದ ಸುತ್ತಲೇ ಸಾಕಷ್ಟು ಪಲ್ಪ್ ಕಾರ್ಖಾನೆಗಳಿದ್ದಿದ್ದರೆ ನಮ್ಮ ಬೆಳೆಗಾರರು ಇನ್ನೊಂದು ರಾಜ್ಯದ ಆದೇಶಕ್ಕೆ ಇಷ್ಟೊಂದು ಸಿಕ್ಕಿಬೀಳುತ್ತಿರಲಿಲ್ಲ. ದಶಕಗಳಿಂದ ಮಾವಿನ ಮಡಿಲೆಂದು ಕರೆಸಿಕೊಂಡ ತಾಲ್ಲೂಕಿಗೆ ಇದನ್ನು ಒದಗಿಸದಿರುವುದು ನಮ್ಮ ಆಡಳಿತಗಳ ದೊಡ್ಡ ಲೋಪ.

ಪಲ್ಪ್‌ನ ಮಹತ್ವ ಗೊತ್ತಾಗಲು ಇನ್ನೊಂದು ಉದಾಹರಣೆ ಸಾಕು. 2014ರ ಮೇ ತಿಂಗಳಲ್ಲಿ ಹಣ್ಣಿನ ನೊಣದ ಕಾರಣ ಕೊಟ್ಟು ಯುರೋಪಿಯನ್ ಒಕ್ಕೂಟ ಭಾರತದ ತಾಜಾ ಮಾವನ್ನು ತಡೆದಾಗ, ಕಾಯಿಸಿ ಮುಚ್ಚಿದ ತಿರುಳಿಗೆ ಆ ತಡೆ ತಟ್ಟಲಿಲ್ಲ.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಕಿತ್ತಳೆ ರಸ ಬೇಕಿದ್ದರೆ ‘ಸಕ್ಕರೆ ಸೇರಿಸಿಲ್ಲ’ ಎಂದಿರುವ ಪ್ಯಾಕನ್ನೇ ಆರಿಸಿ. ಮೋಸಂಬಿ ಅಗ್ಗವಾಗಿರುವ ತಿಂಗಳುಗಳಲ್ಲಿ ಮನೆಯಲ್ಲಿ ಹಿಂಡಿಕೊಳ್ಳುವುದು ಎಲ್ಲ ರೀತಿಯಿಂದಲೂ ಮೇಲು. ಸೇಬಿನ ರಸವನ್ನು ಧೈರ್ಯವಾಗಿ ಕೊಳ್ಳಬಹುದು, ಎಚ್‌ಪಿಎಂಸಿಯದು ಸಿಕ್ಕರೆ ಮೊದಲು ಅದನ್ನೇ ನೋಡಿ. ಮಾವಿನ ಪಾನೀಯದ ಬದಲು ಮಾವಿನ ಪಲ್ಪ್‌ನ ಟಿನ್ ಕೊಳ್ಳಿ. ಸಕ್ಕರೆ ಸೇರಿಸಿದ್ದೂ ಸೇರಿಸದಿದ್ದೂ ಎರಡೂ ಸಿಗುವುದರಿಂದ ಪಟ್ಟಿ ಓದಿಯೇ ತೆಗೆದುಕೊಳ್ಳಬೇಕು. ಒಂದು ಲೋಟ ತಣ್ಣನೆಯ ಹಾಲಿಗೋ ನೀರಿಗೋ ಮೂರ್ನಾಲ್ಕು ಚಮಚ ತಿರುಳು ಸಾಕಾಗುತ್ತದೆ. ತೆರೆದ ಮೇಲೆ ಟಿನ್ನಿನಲ್ಲೇ ಬಿಡದೆ ಗಾಜಿನ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿಬಿಡಿ.