ಪಿಂಪ್ರಿಯ ಕಾರ್ಮಿಕ ವಕೀಲರ ಕಚೇರಿ: ಓಟಿ (ಓವರ್‌ಟೈಮ್) ದುಡ್ಡು ಬಂತು, ಕೆಲಸದ ಕೇಸು ನಡೀತಿದೆ

ಪುಣೆ ಪಕ್ಕದ ಪಿಂಪ್ರಿ ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ಈ ಕಚೇರಿ ಸಿಗುತ್ತದೆ. ನಾನು ಹೋಗಿದ್ದು 2024ರ ಜುಲೈನಲ್ಲಿ.

ಚಾಕಣದ ಒಂದು ಆಟೋ ಪಾರ್ಟ್ಸ್ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕಡೆಯಿಂದ ಪ್ಯಾಕಿಂಗ್ ಕೆಲಸಕ್ಕಿದ್ದೆ. ವಾರದಲ್ಲಿ ಮೂರ್ನಾಲ್ಕು ದಿನ ಹನ್ನೆರಡು ತಾಸು ಡ್ಯೂಟಿ, ಪಗಾರ ಮಾತ್ರ ಎಂಟು ತಾಸಿನದು. ನಾಲ್ಕು ತಿಂಗಳ ಓಟಿ ಕೇಳಿದರೆ ಗುತ್ತಿಗೆದಾರ 'ಕಂಪನಿ ಬಿಲ್ ಪಾಸ್ ಮಾಡಿಲ್ಲ' ಅನ್ನುತ್ತಿದ್ದ, ಕಂಪನಿಯ ಎಚ್‌ಆರ್‌ನವರು 'ನೀನು ನಮ್ಮ ಮನುಷ್ಯನೇ ಅಲ್ಲ' ಅನ್ನುತ್ತಿದ್ದರು. ಮೂರನೇ ಸಲ ಕೇಳಿದ ಮರುದಿನ ಗೇಟಿನಲ್ಲಿ ನನ್ನ ಕಾರ್ಡ್ ಪಂಚ್ ಆಗಲಿಲ್ಲ. ಸೆಕ್ಯುರಿಟಿಯವರು ಲಿಸ್ಟ್ ನೋಡಿ ಹೆಸರಿಲ್ಲ ಅಂದರು.

ಕಚೇರಿಯ ಜೂನಿಯರ್ ವಕೀಲೆ ನಿಪ್ಪಾಣಿ ಕಡೆಯವರು. ನಾನು ಮರಾಠಿಯಲ್ಲಿ ತಡವರಿಸುವುದು ನೋಡಿ 'ಅಣ್ಣಾ, ಕನ್ನಡದಾಗ ಹೇಳ್ರಿ' ಅಂದರು. ಅರ್ಧ ಭಾರ ಅಲ್ಲೇ ಇಳಿಯಿತು.

ನನ್ನ ಹತ್ತಿರ ಇದ್ದದ್ದು ಒಂದು ಪಾಕೆಟ್ ಡೈರಿ. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಬಸ್ಸಿನಲ್ಲಿ ಕೂತು ಬರೆದದ್ದು, ಅಕ್ಷರ ಅಲುಗಾಡಿವೆ. ಅವರು ಒಂದೊಂದೇ ಹಾಳೆ ತಿರುವಿ ಕೂಡಿಸಿದರು: 212 ತಾಸು. ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ (1948) 59ನೇ ಸೆಕ್ಷನ್ ಪ್ರಕಾರ ದಿನಕ್ಕೆ 9 ಅಥವಾ ವಾರಕ್ಕೆ 48 ತಾಸು ದಾಟಿದರೆ ದುಪ್ಪಟ್ಟು ಕೊಡಬೇಕಿತ್ತು. ನನ್ನ ಕೂಲಿ ತಾಸಿಗೆ 65 ರೂಪಾಯಿ, ದುಪ್ಪಟ್ಟು 130. ಒಟ್ಟು 27,560.

ನೋಟಿಸನ್ನು ಗುತ್ತಿಗೆದಾರ, ಕಂಪನಿ ಇಬ್ಬರ ಹೆಸರಿಗೂ ಕಳಿಸಿದರು. ನನಗೆ ಗೊತ್ತೇ ಇರದಿದ್ದ ವಿಷಯ ಇದು. ಆಗ ಜಾರಿಯಲ್ಲಿದ್ದ ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ, ಗುತ್ತಿಗೆದಾರ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಬಾಕಿಯನ್ನು ಕಂಪನಿಯೇ ತೆರಬೇಕು, ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬಹುದು ಎಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ 43ನೇ ಸೆಕ್ಷನ್ ಕೂಡ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. 'ನಮ್ಮ ಮನುಷ್ಯನಲ್ಲ' ಅಂದಿದ್ದ ಅದೇ ಎಚ್‌ಆರ್‌ನವರು ಒಂಬತ್ತನೇ ದಿನ ಫೋನ್ ಮಾಡಿದರು. ಮುಂದಿನ ತಿಂಗಳು ದುಡ್ಡು ಪೂರ್ತಿ ಖಾತೆಗೆ ಬಂತು, ಗುತ್ತಿಗೆದಾರನ ಬಿಲ್ಲಿನಿಂದ ಮುರಿದುಕೊಂಡರಂತೆ.

ಕೆಲಸದಿಂದ ತೆಗೆದದ್ದು ಮಾತ್ರ ಇಷ್ಟು ಸಲೀಸಲ್ಲ. ಹಕ್ಕು ಕೇಳಿದ್ದಕ್ಕೆ ಸೇಡು ತೀರಿಸಿಕೊಂಡರೆ, ಎಲ್ಲರೂ ಪಲ್ಪ್ ಅನ್ನುವ, ಕಾರ್ಮಿಕರ ಮೇಲಿನ ಅನ್ಯಾಯದ ನಡೆಗಳನ್ನು ತಡೆಯುವ ಮಹಾರಾಷ್ಟ್ರದ 1971ರ ಕಾಯ್ದೆಯಲ್ಲಿ 90 ದಿನದೊಳಗೆ ದೂರು ಕೊಡಬಹುದು. ಆದರೆ ಕಂಪನಿಯವರು 'ನಾವು ಇವನ ಮಾಲೀಕರೇ ಅಲ್ಲ' ಎಂದು ತಕರಾರು ಎತ್ತಿದರೆ ಈ ಕಾಯ್ದೆಯಡಿ ಅದನ್ನು ತೀರ್ಮಾನಿಸಲು ಆಗದು ಎಂದು 2001ರಲ್ಲಿ ಸಿಪ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಗುತ್ತಿಗೆದಾರನ ಮೇಲೆ ಮಾತ್ರ ದೂರು ಹಾಕಿದೆವು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಗೇಟು ಕಂಪನಿಯದು, ಕಾರ್ಡ್ ನಿಲ್ಲಿಸಿದ್ದೂ ಅವರೇ, ಅಲ್ವಾ? ಆದರೆ ಕಂಪನಿ ಮೇಲೆ ದೂರು ನಿಲ್ಲದು ಅನ್ನುವುದನ್ನು ವಕೀಲೆ ಮೊದಲ ದಿನವೇ ಬಿಚ್ಚಿ ಹೇಳಿದರು, ಸುಮ್ನೆ ಆಸೆ ಹುಟ್ಟಿಸಲಿಲ್ಲ. ಈ ಕಚೇರಿಯ ಮೇಲೆ ನನಗೆ ಜಾಸ್ತಿ ನಂಬಿಕೆ ಬಂದದ್ದು ಅದಕ್ಕೇ.

ನೋಟಿಸಿಗೆ 3,000 ರೂಪಾಯಿ ತಗೊಂಡರು, ಎರಡು ಕಂತಲ್ಲಿ. ಕಾಯುವುದು ಜಾಸ್ತಿ, ಒಮ್ಮೆ ಮೂರು ತಾಸು ಮೆಟ್ಟಿಲ ಮೇಲೆ ಕೂತಿದ್ದೆ. ಅದಕ್ಕೆ ಒಂದು ಸ್ಟಾರ್ ಕಮ್ಮಿ. ಹೋಗುವಾಗ ಪಗಾರ ಸ್ಲಿಪ್, ಗೇಟ್ ಪಾಸ್, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಏನೂ ಇಲ್ಲದಿದ್ದರೆ ಹಾಜರಿ ಬರೆದಿಟ್ಟ ಹಾಳೆಯಾದರೂ ಇರಲಿ, ಅದನ್ನೂ ಕೂತು ಓದುತ್ತಾರೆ.