ರಿಗ್ ಒಳಗಿನ ಟ್ಯೂನರ್ ಬಿಚ್ಚಬೇಕಾ, ಬಿಡಬೇಕಾ?

ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಸೆಟ್ಟನ್ನು ನಾವು ರಿಗ್ ಅನ್ನುತ್ತೇವೆ. ಅದಕ್ಕೆ ಬೇಕಾದದ್ದು 50 ಓಮ್ ಆ್ಯಂಟೆನಾ, ಬೇರೆ ಓಮ್ ಇದ್ದರೆ ಹೊಂದಿಸಿಕೊಡುವುದು ಟ್ಯೂನರ್. ಬಹಳಷ್ಟು 100 ವ್ಯಾಟ್ ಎಚ್‌ಎಫ್ (ಶಾರ್ಟ್‌ವೇವ್) ರಿಗ್‌ಗಳ ಒಳಗಿನ ಟ್ಯೂನರ್ 16.7ರಿಂದ 150 ಓಮ್ ತನಕ ಮಾತ್ರ ಸಂಭಾಳಿಸುತ್ತದೆ. ಅಂದರೆ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆ ಎಷ್ಟು ತಪ್ಪಿದೆ ಎಂಬುದರ ಅಳತೆ, 1:1 ಇದ್ದರೆ ಪೂರ್ತಿ ಸರಿ) 3:1 ದಾಟಿದರೆ ಕೈ ಎತ್ತಿಬಿಡುತ್ತದೆ. ದೊಡ್ಡ ಹೊಲದಲ್ಲಿ ಒಂದೊಂದು ಬ್ಯಾಂಡಿಗೆ ಒಂದೊಂದು ಆ್ಯಂಟೆನಾ ಕಟ್ಟುವವರಿಗೆ ಇಷ್ಟು ಸಾಕು. ಕಲಬುರಗಿಯ ಬಡಾವಣೆಗಳಲ್ಲಿ 30x40 ಸೈಟಿನ ಮನೆ ನಮ್ಮದು. ಮಾಳಿಗೆ ಮೂಲೆಯಿಂದ ಮೂಲೆಗೆ ಅಳೆದರೂ 15 ಮೀಟರ್ ಆಗುತ್ತದೆ. 40 ಮೀಟರ್ ಬ್ಯಾಂಡಿನ (ತರಂಗದ ಉದ್ದ ಸುಮಾರು 40 ಮೀಟರ್) ಡೈಪೋಲ್‌ಗೆ, ಅಂದರೆ ನಡುವೆ ಕೇಬಲ್ ಸೇರುವ ಎರಡು ಬದಿಯ ತಂತಿ ಆ್ಯಂಟೆನಾಗೆ, ಬೇಕಾದದ್ದು 20 ಮೀಟರ್ ತಂತಿ. ಹಾಗಾಗಿ ನಡುವೆ ಒಂದು ಪೈಪು ನಿಲ್ಲಿಸಿ, ತಂತಿಯ ಒಂದು ತುದಿಯನ್ನು ಪಕ್ಕದ ಮನೆಯ ಬೇವಿನ ಮರಕ್ಕೆ ಕಟ್ಟಿದ್ದೇನೆ, ಇನ್ನೊಂದನ್ನು ಗೋಡೆಯಗುಂಟ ಬಗ್ಗಿಸಿದ್ದೇನೆ. ಇದೇ ತಂತಿಯಲ್ಲಿ 20 ಮೀಟರ್ ಬ್ಯಾಂಡಿನಲ್ಲೂ ಮಾತಾಡಬೇಕು ಅನ್ನೋದು ಆಸೆ.

ರಿಗ್ ಐಕಾಮ್ ಐಸಿ-7300. ಇದರ ಟ್ಯೂನರನ್ನು ಸ್ಕ್ರೂ ಡ್ರೈವರ್ ಮುಟ್ಟದೆಯೇ ಹಿಗ್ಗಿಸಬಹುದು. ಮೆನುವಿನಲ್ಲಿ ಎಮರ್ಜೆನ್ಸಿ ಮೋಡ್ ಅಂತ ಒಂದು ಇದೆ. ಅದನ್ನು ಆನ್ ಮಾಡಿದರೆ 3:1ರ ಗೆರೆ ದಾಟಿಯೂ ಟ್ಯೂನ್ ಮಾಡಲು ನೋಡುತ್ತದೆ, ಬದಲಿಗೆ ಪವರ್ 50 ವ್ಯಾಟಿಗೆ ಇಳಿಸುತ್ತದೆ. ನಾನು ಮೊದಲು ನೋಡಿದ್ದು ಇದನ್ನೇ. 14 ಮೆಗಾಹರ್ಟ್ಸ್‌ನಲ್ಲಿ, ಅಂದರೆ 20 ಮೀಟರ್ ಬ್ಯಾಂಡಿನಲ್ಲಿ, ಟ್ಯೂನರ್ ಒಳಗಿನ ರಿಲೇಗಳು (ವಿದ್ಯುತ್ ಸ್ವಿಚ್‌ಗಳು) ಕಟಕಟ ಅಂದವು, ಮೀಟರ್ ಕೆಳಗೆ ಕೂತಿತು. ಖುಷಿಯೋ ಖುಷಿ. ಆದರೆ ಎಫ್‌ಟಿ8ನಲ್ಲಿ (ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ನನ್ನ ಸಿಗ್ನಲ್ ಎಷ್ಟು ಬಲವಾಗಿ ಸಿಕ್ಕಿತು ಅಂತ ಬಂದ ರಿಪೋರ್ಟ್‌ಗಳು ಬಡಕಲು.

ಕಾರಣ ಟ್ಯೂನರ್ ಅಲ್ಲ, ಕೇಬಲ್. 40 ಮೀಟರ್ ಡೈಪೋಲ್ 20 ಮೀಟರ್ ಬ್ಯಾಂಡಿನಲ್ಲಿ ಪೂರ್ತಿ ಒಂದು ತರಂಗದ ಉದ್ದವಾಗುತ್ತದೆ. ಅದರ ನಡುವಿನ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಸಾವಿರಾರು ಓಮ್. 4000 ಓಮ್ ಅಂತ ಹಿಡಿದರೆ ಅಲ್ಲಿ ಎಸ್‌ಡಬ್ಲ್ಯೂಆರ್ 80:1. ನನ್ನ ಮಾಳಿಗೆಯಿಂದ ಟೇಬಲ್ ತನಕ ಇರುವುದು 15 ಮೀಟರ್ ಆರ್‌ಜಿ-58, ಟಿವಿ ಕೇಬಲ್ ಥರದ ತೆಳ್ಳನೆಯ ಕೋಆಕ್ಸ್ ಕೇಬಲ್. ಹೊಂದಾಣಿಕೆ ಸರಿ ಇದ್ದಾಗ ಇದು 14 ಮೆಗಾಹರ್ಟ್ಸ್‌ನಲ್ಲಿ ತಿನ್ನುವುದು ಒಂದು ಡಿಬಿಗೂ (ಡೆಸಿಬೆಲ್, 3 ಡಿಬಿ ಹೋದರೆ ಪವರ್ ಅರ್ಧ) ಕಡಿಮೆ. 80:1 ಇದ್ದಾಗ ಲೆಕ್ಕ ಹಾಕಿದರೆ ಒಂಬತ್ತು ಡಿಬಿ ದಾಟುತ್ತದೆ. 50 ವ್ಯಾಟ್ ಕಳಿಸಿದರೆ ತಂತಿಗೆ ಸೇರುವುದು ಐದಾರು ವ್ಯಾಟ್, ಉಳಿದದ್ದು ಕೇಬಲ್ ಬಿಸಿ ಮಾಡುತ್ತದೆ. ತಮಾಷೆ ಏನಂದರೆ, ವಾಪಸ್ ಬರುವ ಪವರನ್ನೂ ಕೇಬಲ್ ದಾರಿಯಲ್ಲೇ ತಿನ್ನುವುದರಿಂದ ರಿಗ್ ಕಡೆ ಕಾಣುವುದು 9:1 ಮಾತ್ರ. ಟ್ಯೂನರ್‌ಗೆ ಅದು ನಿಲುಕುತ್ತದೆ. ಕೇಬಲ್ ಕೆಟ್ಟದಾದಷ್ಟೂ ಟ್ಯೂನರ್ ಚೆನ್ನಾಗಿದೆ ಅನಿಸುತ್ತದೆ, ಅಲ್ವಾ?

ಇನ್ನು ಬಿಚ್ಚುವ ದಾರಿ. ವಾರಂಟಿ ಇರುವ ನನ್ನ ರಿಗ್ ಮೇಲೆ ಇದನ್ನು ಮಾಡುವ ಧೈರ್ಯ ನನಗಿಲ್ಲ. ಗೆಳೆಯರೊಬ್ಬರ ಬಳಿ ಹಳೆಯ ರಿಗ್ ಇದೆ, ಒಳಗೆ ರಿಲೇ ಟ್ಯೂನರ್. ಅವರ ತೊಂದರೆಯೂ ಬೇರೆ: 80 ಮೀಟರ್ ಬ್ಯಾಂಡಿಗೆ ಕಾಯಿಲ್ ಹಾಕಿ ಗಿಡ್ಡ ಮಾಡಿದ ಡೈಪೋಲ್. ಫ್ರೀಕ್ವೆನ್ಸಿ ಸ್ವಲ್ಪ ಅತ್ತಿತ್ತ ಹೋದರೆ ರಿಗ್ ಕಡೆ ಹತ್ತು ಓಮ್ ಆಸುಪಾಸಿಗೆ ಇಳಿಯುತ್ತದೆ. "ಸುಮ್ನ ಆ್ಯಂಟೆನಾ ಉದ್ದ ಮಾಡ್ರಿ, ರಿಗ್ ಯಾಕ ಬಿಚ್ಚತೀರಿ?" ಅಂದೆ. "ಜಾಗ ನೀವ್ ಕೊಡ್ತೀರೇನ್ರಿ?" ಅಂದರು. ಮಾತು ಮುಗಿಯಿತು.

ಇಷ್ಟು ಕಡಿಮೆ ಓಮ್ ಇರುವ ಲೋಡನ್ನು 50ಕ್ಕೆ ಏರಿಸಲು ರಿಗ್ ಬದಿಯಲ್ಲಿ ಜಾಸ್ತಿ ಕೆಪಾಸಿಟರ್ ಬೇಕು. 3.6 ಮೆಗಾಹರ್ಟ್ಸ್‌ನಲ್ಲಿ 16.7 ಓಮ್‌ಗೆ ಸುಮಾರು 1250 ಪಿಎಫ್ (ಪಿಕೊಫ್ಯಾರಡ್), 10 ಓಮ್‌ಗೆ ಸುಮಾರು 1770 ಪಿಎಫ್. ಹೈದರಾಬಾದಿನ ಕೋಠಿಯಲ್ಲಿ ಸಿಕ್ಕ 470 ಪಿಎಫ್ ಮೈಕಾ ಕೆಪಾಸಿಟರನ್ನು ಟ್ಯೂನರ್‌ನ ಕೆಪಾಸಿಟರ್‌ಗಳ ಜೊತೆ ಸಮಾನಾಂತರವಾಗಿ ಬೆಸುಗೆ ಹಾಕಿದೆವು. ಕೆಲಸ ಮಾಡಿತು. 3.5ರಿಂದ 3.7ರ ತನಕ ಮೊದಲು ಟ್ಯೂನ್ ಆಗದ ಜಾಗಗಳಲ್ಲೂ ಆಗುತ್ತದೆ.

ಬೆಲೆ ಬೇರೆ ಕಡೆ ಕಟ್ಟಬೇಕು. ಅದೇ 470 ಪಿಎಫ್ 28 ಮೆಗಾಹರ್ಟ್ಸ್‌ನಲ್ಲಿ ಬರೀ 12 ಓಮ್, ಹೆಚ್ಚುಕಡಿಮೆ ಶಾರ್ಟ್ ಇದ್ದ ಹಾಗೆ. ಹತ್ತು ಮೀಟರ್ ಬ್ಯಾಂಡ್ ಸತ್ತೇಹೋಗುತ್ತದೆ. ಅದಕ್ಕೇ ನಡುವೆ ಒಂದು ಚಿಕ್ಕ ರಿಲೇ, ಹಿಂದೆ ಒಂದು ಸ್ವಿಚ್ ಹಾಕಲೇಬೇಕು. ಈ ಸ್ವಿಚ್ ರಿಗ್‌ಗೆ ಗೊತ್ತಿಲ್ಲ. ಅದು ಹಳೆಯ ಟ್ಯೂನಿಂಗ್ ನೆನಪಿಟ್ಟುಕೊಂಡಿರುತ್ತದೆ, ಸ್ವಿಚ್ ಬದಲಿಸಿದಾಗಲೆಲ್ಲ ಮತ್ತೆ ಟ್ಯೂನ್ ಮಾಡಬೇಕು. ಜೊತೆಗೆ 100 ವ್ಯಾಟಿನಲ್ಲಿ 16.7 ಓಮ್‌ಗೆ ಹರಿಯುವುದು 2.4 ಆಂಪಿಯರ್, 10 ಓಮ್‌ಗೆ 3.2. ಕಾಯಿಲ್ ಬಿಸಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವ ಊರಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ, ಹಾಗಾಗಿ ಗೆಳೆಯರು 50 ವ್ಯಾಟ್ ದಾಟುವುದಿಲ್ಲ. ನನ್ನ ಡೈಪೋಲ್ ತೊಂದರೆ ಜಾಸ್ತಿ ಓಮ್‌ನದು, ಅದಕ್ಕೆ ಈ ಬೆಸುಗೆಯಿಂದ ಏನೂ ಆಗದು.

ಮೂರನೆಯ ದಾರಿ ಎಟಿಯು-100, ರಿಗ್ ಹೊರಗೆ ಇಡುವ ಟ್ಯೂನರ್. ಎನ್7ಡಿಡಿಸಿ ಎಂಬ ಕರೆಸಂಕೇತದ ಹ್ಯಾಮ್ ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟ ವಿನ್ಯಾಸ, ಚೀನಾದಿಂದ ಕಿಟ್ ಆಗಿ ಬರುತ್ತದೆ. ಏಳು ಕಾಯಿಲ್, ಏಳು ಕೆಪಾಸಿಟರ್, ಕೆಪಾಸಿಟರ್‌ಗಳನ್ನು ಯಾವ ಬದಿಗೆ ಬೇಕೋ ಆ ಬದಿಗೆ ಹಾಕುವ ಒಂದು ರಿಲೇ. ಒಟ್ಟು 32,768 ಜೋಡಣೆ. ರಿಗ್ ಒಳಗಿನದಕ್ಕಿಂತ ದೊಡ್ಡ ಬಲೆ ಇದು. ಟೇಬಲ್ ಮೇಲೆ ಇಟ್ಟು ಅದೇ ಕೇಬಲ್‌ಗೆ ಕಟ್ಟಿದೆ. 100 ವ್ಯಾಟ್ ಪೂರ್ತಿ ಬಿಡಬಹುದು, ಅಂದರೆ ಎಮರ್ಜೆನ್ಸಿ ಮೋಡಿಗಿಂತ 3 ಡಿಬಿ ಲಾಭ. ಕೇಬಲ್ ಮಾತ್ರ ಮೊದಲಿನಷ್ಟೇ ತಿನ್ನುತ್ತದೆ.

ಆಮೇಲೆ ಕೋಆಕ್ಸ್ ತೆಗೆದು ಸಮಾನಾಂತರ ತಂತಿಯ ಫೀಡರ್ (ಆ್ಯಂಟೆನಾಗೆ ಪವರ್ ಒಯ್ಯುವ ಲೈನ್) ಮಾಡಿದೆ. ವೈರಿಂಗಿನ ಪಿವಿಸಿ ಪೈಪಿನ ತುಂಡುಗಳನ್ನು ನಡುನಡುವೆ ಕೊಟ್ಟು ಎರಡು ತಂತಿ, ಕೆಳಗೆ ಬಾಲನ್ (ಎರಡು ತಂತಿಯ ಲೈನನ್ನು ಟ್ಯೂನರ್‌ನ ಕೋಆಕ್ಸ್ ಸಾಕೆಟ್‌ಗೆ ಹೊಂದಿಸುವ ಭಾಗ), ಆಮೇಲೆ ಎಟಿಯು-100. ಇಂಥ ಲೈನಿನಲ್ಲಿ ಎಸ್‌ಡಬ್ಲ್ಯೂಆರ್ ಎಷ್ಟೇ ಇದ್ದರೂ ನಷ್ಟ ತೀರ ಕಡಿಮೆ. 40, 20, 15 ಮೂರೂ ಬ್ಯಾಂಡ್ ಚೆನ್ನಾಗಿ ಬಂದವು. 10 ಮೀಟರ್‌ನಲ್ಲಿ ಹಟ ಮಾಡಿತು. ಲೈನನ್ನು ಒಂದು ಮೀಟರ್ ಉದ್ದ ಮಾಡಿದ ಮೇಲೆ ಒಪ್ಪಿತು. ಆದರೆ ಈ ಲೈನ್ ಕಬ್ಬಿಣದ ಕಿಟಕಿ, ಗೋಡೆಗಳಿಂದ ದೂರ ಇರಬೇಕು. ಮನೆಯವರಿಗೆ ಕಿಟಕಿ ಮುಂದೆ ತೂಗುವ ಎರಡು ತಂತಿ ಹಿಡಿಸಿಲ್ಲ. ಬೇಸಿಗೆಯಲ್ಲಿ ಓಣಿಯ ಕೂಲರ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಬರುವ ಗರಗರಕ್ಕಂತೂ ಯಾವ ಟ್ಯೂನರಿನಲ್ಲೂ ಔಷಧವಿಲ್ಲ.

ಕೊನೆಗೆ ಟ್ಯೂನರೇ ಇಲ್ಲದ ದಾರಿ. ಮೊದಲಿನ ಕೋಆಕ್ಸ್ ಮತ್ತೆ ಹಾಕಿ, ಅದೇ ನಡುಬಿಂದುವಿಗೆ 20 ಮೀಟರ್ ಬ್ಯಾಂಡಿನ ಇನ್ನೊಂದು ಡೈಪೋಲ್ ಸೇರಿಸಿದೆ. ಬದಿಗೆ ಐದೈದು ಮೀಟರ್ ತಂತಿ, ಮೊದಲಿನ ತಂತಿಗಿಂತ ಕೆಳಗೆ, ತುದಿಗಳು ದೂರ ದೂರ. ಸ್ವಲ್ಪ ಉದ್ದ ಬಿಟ್ಟುಕೊಂಡು ಕತ್ತರಿಸುತ್ತ ಬಂದರೆ ಸಾಕು. ಅದೇ 50 ವ್ಯಾಟಿನಲ್ಲಿ ಎಫ್‌ಟಿ8 ರಿಪೋರ್ಟ್‌ಗಳು ಎಮರ್ಜೆನ್ಸಿ ಮೋಡಿಗಿಂತ ಎಂಟೊಂಬತ್ತು ಡಿಬಿ ಮೇಲೆ ಬಂದವು. 40 ಮೀಟರ್ ಡೈಪೋಲ್ 15 ಮೀಟರ್ ಬ್ಯಾಂಡಿನಲ್ಲೂ ಹತ್ತಿರ ಬರುವುದರಿಂದ ಅಲ್ಲಿ ರಿಗ್ ಒಳಗಿನ ಟ್ಯೂನರ್ ತನ್ನ 3:1 ಒಳಗೇ ಕೆಲಸ ಮುಗಿಸುತ್ತದೆ. ನಾನು ಇಟ್ಟುಕೊಂಡಿರುವುದು ಇದನ್ನೇ. ಎಟಿಯು-100 ಈಗ ಗೆಳೆಯರ ಮನೆಗೆ ಹೋಗಿದೆ. ಅವರು ಮೈಕಾ ಕೆಪಾಸಿಟರನ್ನೂ ಅದನ್ನೂ ಅಕ್ಕಪಕ್ಕ ಇಟ್ಟು ನೋಡಿ, 80 ಮೀಟರಿಗೆ ತಮ್ಮ ಬೆಸುಗೆಯೇ ಸಾಕು ಅನ್ನುತ್ತಾರೆ.